ಮೊದಲು ಕೀಲೆಣ್ಣೆ ಬದಲಿಸಿ, ಬ್ಯಾಕ್ಟೀರಿಯಾ ಬಾಟಲಿ ಮಾತು ಆಮೇಲೆ

ಈಚೆಗೆ ನನ್ನ ವಾಟ್ಸಾಪ್‌ಗೆ ಒಂದೇ ತರದ ಪ್ರಶ್ನೆ ಪದೇ ಪದೇ ಬರ್ತಿದೆ. ‘ಅಕ್ಕಾ, ತೋಟದಾಗೆ ಮಷಿನ್ ಆಯಿಲ್ ಚೆಲ್ಲೈತಿ. ಆಯಿಲ್ ತಿನ್ನೋ ಬ್ಯಾಕ್ಟೀರಿಯಾ ಬಾಟ್ಲಿ ಸಿಗುತ್ತಂತಲ್ಲ, ಯಾವ್ದು ತರ್ಲಿ?’ ಜೊತೆಗೊಂದು ಫೋಟೊ. ಅಡಿಕೆ ಬುಡದಲ್ಲೋ ಗದ್ದೆ ಬದುವಿನಲ್ಲೋ ಕಪ್ಪಗೆ ಮಿಂಚುವ ಒಂದು ಕಲೆ.

ನಾನು ವಾಪಸ್ ಕೇಳುವ ಪ್ರಶ್ನೆಯೂ ಒಂದೇ: ‘ಚೆಲ್ಲಿದ್ದು ಯಾವ ಆಯಿಲ್?’ ಬಹಳ ಜನಕ್ಕೆ ಉತ್ತರ ಗೊತ್ತಿರಲ್ಲ. ‘ಆಯಿಲ್ ಅಂದ್ರೆ ಆಯಿಲ್, ಅದ್ರಾಗೇನೈತಿ’ ಅಂತಾರೆ. ಆದರೆ ಇಡೀ ವಿಷಯ ನಿಂತಿರೋದೇ ಅದರ ಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಚೆಲ್ಲಿದ್ದು ಹೊಂಗೆ, ಹರಳು, ಶೇಂಗಾದಂಥ ಸಸ್ಯದೆಣ್ಣೆಯಾದರೆ ನಿಮ್ಮ ಮಣ್ಣಿನಲ್ಲಿ ಈಗಾಗಲೇ ಇರುವ ಜೀವಿಗಳೇ ಅದನ್ನು ಕರಗಿಸುತ್ತವೆ, ಬಾಟಲಿ ಬೇಡ. ಚೆಲ್ಲಿದ್ದು ಇಂಜಿನ್ನಿನಿಂದ ತೆಗೆದ ಹಳೇ ಆಯಿಲ್ ಆದರೆ ಯಾವ ಬಾಟಲಿಯೂ ಅದನ್ನು ಪೂರ್ತಿ ಸರಿ ಮಾಡಲ್ಲ. ಹಾಗಾಗಿ ಮಣ್ಣು ಉಳಿಯುವುದೋ ಇಲ್ಲವೋ ಅನ್ನುವುದು ಆಯಿಲ್ ಚೆಲ್ಲಿದ ಮೇಲಲ್ಲ, ಅಂಗಡಿಯಲ್ಲಿ ನೀವು ಯಾವ ಡಬ್ಬ ಕೈಗೆತ್ತಿಕೊಂಡಿರಿ ಅನ್ನುವಾಗಲೇ ತೀರ್ಮಾನ ಆಗಿರುತ್ತೆ.

ನಮ್ಮ ಮಣ್ಣಿಗೆ ಆಯಿಲ್ ಎಲ್ಲಿಂದ ಬರುತ್ತೆ?

ನಾನಿರೋದು ದಾವಣಗೆರೆಯ ವಿದ್ಯಾನಗರ, ಜಮೀನು ಹರಿಹರದ ಕಡೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ಭಾಗದ ಒಂದು ಸಾಮಾನ್ಯ ಹಿಡುವಳಿಯಲ್ಲಿ ಎಷ್ಟು ಯಂತ್ರ ಇದ್ದವು, ಈಗ ಎಷ್ಟಿವೆ ಅಂತ ಒಮ್ಮೆ ಬೆರಳು ಮಡಚಿ ಎಣಿಸಿ. ಭದ್ರಾ ನಾಲೆ ಕೆಳಗಿನ ಭತ್ತದ ಬಯಲಿನಲ್ಲಿ ಕೇಜ್ ವೀಲ್ ಟ್ರ್ಯಾಕ್ಟರ್, ನಾಟಿ ಯಂತ್ರ, ಕಟಾವು ಯಂತ್ರ. ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ಪವರ್ ಟಿಲ್ಲರ್, ಕಳೆ ಕೊಚ್ಚುವ ಮಷಿನ್, ಅಡಿಕೆ ಸುಲಿಯುವ ಯಂತ್ರ, ಮರ ಕೊಯ್ಯುವ ಚೈನ್ ಗರಗಸ. ಜಗಳೂರು ಕಡೆ ಮೆಕ್ಕೆಜೋಳ, ಶೇಂಗಾ ಒಕ್ಕುವ ಯಂತ್ರಗಳು. ಎಲ್ಲದಕ್ಕೂ ಆಯಿಲ್ ಬೇಕು, ಗ್ರೀಸ್ ಬೇಕು.

ಇವುಗಳಲ್ಲಿ ಎರಡು ತರ ಇವೆ. ಒಂದು, ಆಯಿಲ್ ಒಳಗೇ ಇದ್ದು ಸುತ್ತುವಂಥದ್ದು: ಇಂಜಿನ್, ಗೇರ್ ಬಾಕ್ಸ್, ಹೈಡ್ರಾಲಿಕ್. ಇಲ್ಲಿ ಸೋರಿದರೆ ಅಥವಾ ಬದಲಿಸುವಾಗ ಚೆಲ್ಲಿದರೆ ಮಾತ್ರ ಹೊರಗೆ ಬರುತ್ತೆ. ಎರಡನೆಯದು, ಹಾಕಿದ್ದೆಲ್ಲ ಹೊರಗೇ ಹೋಗುವಂಥದ್ದು. ಚೈನ್ ಗರಗಸ ನೋಡಿ. ಅದರಲ್ಲಿ ಚೈನಿಗೆ ಹಾಕುವ ಆಯಿಲ್ ಒಂದು ಹನಿಯೂ ವಾಪಸ್ ಟ್ಯಾಂಕಿಗೆ ಬರಲ್ಲ. ಪೆಟ್ರೋಲ್ ಟ್ಯಾಂಕ್ ಒಮ್ಮೆ ಖಾಲಿಯಾಗುವ ಹೊತ್ತಿಗೆ ಚೈನ್ ಆಯಿಲ್ ಟ್ಯಾಂಕೂ ಹೆಚ್ಚುಕಡಿಮೆ ಖಾಲಿ. ಅಷ್ಟೂ ಮರದ ಹೊಟ್ಟಿನ ಜೊತೆ ನೆಲಕ್ಕೆ. ತೆರೆದ ಗೇರು, ತೆರೆದ ಚೈನು, ಗಾಡಿ ಅಚ್ಚು, ಗೇಟಿನ ತಿರುಗಣೆ ಎಲ್ಲಕ್ಕೂ ಇದೇ ಮಾತು. ಅಲ್ಲಿಗೆ ಹಾಕಿದ ಆಯಿಲ್ ಇವತ್ತಲ್ಲ ನಾಳೆ ನೆಲಕ್ಕೇ.

ಕಳೆದ ಹಂಗಾಮಿನಲ್ಲಿ ಬಾಡಿಗೆಗೆ ಬಂದ ಒಂದು ಕಟಾವು ಯಂತ್ರದ ಹೈಡ್ರಾಲಿಕ್ ಪೈಪು ನಮ್ಮ ಗದ್ದೆಯಲ್ಲೇ ಸೋರತೊಡಗಿತು. ಚಾಲಕ ನಕ್ಕು ಹೇಳಿದ: ‘ಏನಾಗಲ್ಲ ಬಿಡ್ರಕ್ಕಾ, ಮಣ್ಣು ಕುಡ್ಕೊಳ್ತೈತಿ.’ ಆತನ ತಪ್ಪು ಅಂತ ನಾನು ಹೇಳ್ತಿಲ್ಲ, ಯಾರೂ ಆತನಿಗೆ ಬೇರೆ ತರ ಹೇಳಿಕೊಟ್ಟಿಲ್ಲ. ಮಣ್ಣು ಕುಡಿಯುತ್ತೆ, ನಿಜ. ಕುಡಿದದ್ದನ್ನು ಅರಗಿಸಿಕೊಳ್ಳುತ್ತಾ ಅನ್ನೋದು ಬೇರೆ ಪ್ರಶ್ನೆ.

ಮಣ್ಣಿನ ಜೀವಿಗಳು ಎಣ್ಣೆ ತಿನ್ನೋದು ಹೇಗೆ?

ಸಸ್ಯದೆಣ್ಣೆಯ ಒಂದು ಅಣು ಅಂದರೆ ಒಂದು ಗ್ಲಿಸರಾಲ್ ತುಂಡಿಗೆ ಮೂರು ಉದ್ದನೆಯ ಕೊಬ್ಬಿನಾಮ್ಲದ ಎಳೆಗಳು ಅಂಟಿಕೊಂಡಿರೋದು. ಮಣ್ಣಿನಲ್ಲಿರುವ ಸ್ಯೂಡೋಮೊನಾಸ್, ಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾ, ಆಸ್ಪರ್‌ಜಿಲಸ್‌ನಂಥ ಶಿಲೀಂಧ್ರಗಳು ಲೈಪೇಸ್ ಅನ್ನುವ ಕಿಣ್ವ ಬಿಡುತ್ತವೆ. ಅದು ಕತ್ತರಿ ಇದ್ದಂಗೆ. ಮೂರು ಎಳೆಗಳನ್ನೂ ಕತ್ತರಿಸಿ ಬೇರೆ ಮಾಡುತ್ತೆ. ಆಮೇಲೆ ಒಂದೊಂದು ಎಳೆಯನ್ನೂ ಎರಡೆರಡು ಇಂಗಾಲದ ತುಂಡುಗಳಾಗಿ ಕಡಿದು ತಿಂದು, ಕೊನೆಗೆ ಉಳಿಯೋದು ಇಂಗಾಲದ ಡೈಆಕ್ಸೈಡ್, ನೀರು, ಮತ್ತೆ ಜೀವಿಗಳದ್ದೇ ಮೈ. ಆ ಮೈ ಮುಂದೆ ಹ್ಯೂಮಸ್ ಆಗುತ್ತೆ.

ಬೀಜದಲ್ಲಿ ಎಣ್ಣೆ ಇಟ್ಟ ಗಿಡಗಳು ಕೋಟ್ಯಂತರ ವರ್ಷದಿಂದ ನೆಲಕ್ಕೆ ಬೀಜ ಉದುರಿಸುತ್ತಲೇ ಇವೆ. ಹೊಂಗೆ ಮರದ ಕೆಳಗಿನ ಮಣ್ಣಿಗೆ ಈ ಊಟ ಹೊಸದಲ್ಲ.

ಪೆಟ್ರೋಲಿಯಂನಿಂದ ಬಂದ ಖನಿಜ ಆಯಿಲ್‌ನಲ್ಲಿ ಈ ತರದ ಸುಲಭದ ಗಂಟು ಇಲ್ಲ. ನೇರ ಸರಪಳಿಗಳನ್ನು ಕೆಲವು ಜೀವಿಗಳು ನಿಧಾನಕ್ಕೆ ತಿನ್ನುತ್ತವೆ, ಕವಲೊಡೆದವು ಇನ್ನೂ ನಿಧಾನ, ಉಂಗುರ ಉಂಗುರವಾಗಿ ಜೋಡಿಸಿಕೊಂಡವು ವರ್ಷಗಟ್ಟಲೆ ಕೂರುತ್ತವೆ. ಒಂದು ವಸ್ತು ‘ಸುಲಭವಾಗಿ ಜೈವಿಕವಾಗಿ ಕರಗುತ್ತದೆ’ ಎಂದು ಕರೆಯಲು ಜಗತ್ತಿನಲ್ಲಿ ಹೆಚ್ಚಾಗಿ ಬಳಸುವ ಅಳತೆ ಒಇಸಿಡಿ 301 ಪರೀಕ್ಷೆ. ಅದರ 301ಬಿ ವಿಧಾನದಲ್ಲಿ 28 ದಿನದಲ್ಲಿ ಕನಿಷ್ಠ ಶೇ 60ರಷ್ಟು ಕರಗಿ ಇಂಗಾಲದ ಡೈಆಕ್ಸೈಡ್ ಆಗಬೇಕು. ಸಸ್ಯದೆಣ್ಣೆಗಳು ಸಾಮಾನ್ಯವಾಗಿ ಈ ಗೆರೆ ದಾಟುತ್ತವೆ, ಮಾಮೂಲಿ ಖನಿಜ ಆಯಿಲ್ ದಾಟಲ್ಲ. ವ್ಯತ್ಯಾಸ ಇಷ್ಟು ಸ್ಪಷ್ಟ.

ಹಾಗಂತ ಸಸ್ಯದೆಣ್ಣೆ ಎಷ್ಟು ಬೇಕಾದರೂ ಚೆಲ್ಲಬಹುದಾ?

ಇಲ್ಲ. ಸಾವಯವದವರು ಅಂದುಕೊಳ್ಳುವ ನಾವು ಇಲ್ಲಿ ಸ್ವಲ್ಪ ಎಚ್ಚರ ಇರಬೇಕು. ‘ನ್ಯಾಚುರಲ್’ ಅಂದ ಮಾತ್ರಕ್ಕೆ ಹಾನಿ ಇಲ್ಲ ಅಂತಲ್ಲ.

ಒಂದೇ ಕಡೆ ಹೆಚ್ಚು ಎಣ್ಣೆ ಬಿದ್ದರೆ ಮಣ್ಣಿನ ಕಣಗಳಿಗೆ ಜಿಡ್ಡು ಸವರಿ ನೀರು ಇಂಗಲ್ಲ, ಮೇಲೇ ಉರುಳಿ ಹೋಗುತ್ತೆ. ಗಾಳಿ ಆಡಲ್ಲ. ಇನ್ನೊಂದು ಮುಖ್ಯ ವಿಷಯ ಸಾರಜನಕ. ಎಣ್ಣೆಯಲ್ಲಿ ಇಂಗಾಲ ತುಂಬಿಕೊಂಡಿದೆ, ಸಾರಜನಕ ಇಲ್ಲವೇ ಇಲ್ಲ. ಅದನ್ನು ತಿಂದು ಬೆಳೆಯುವ ಜೀವಿಗಳು ಸಾರಜನಕವನ್ನು ಸುತ್ತಲ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಆಗ ಅಲ್ಲಿನ ಬೆಳೆ ಕೆಲವು ವಾರ ಹಳದಿ ತಿರುಗುತ್ತೆ. ‘ಎಣ್ಣೆ ವಿಷ ಆಯ್ತು’ ಅಂತ ನಾವು ಅಂದುಕೊಳ್ಳುತ್ತೇವೆ, ನಿಜದಲ್ಲಿ ಬಹಳ ಸಲ ಅದು ಸಾರಜನಕದ ಹಸಿವು.

ಮೂರನೆಯದು ನೀರು. ನಮ್ಮ ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಕೆಳಗಿನ ಮಣ್ಣಿಗೆ ಆಮ್ಲಜನಕ ಇರಲ್ಲ. ಎಣ್ಣೆ ತಿನ್ನುವ ಕೆಲಸ ಜೋರಾಗಿ ನಡೆಯೋಕೆ ಆಮ್ಲಜನಕ ಬೇಕು. ಹಾಗಾಗಿ ನೀರು ನಿಂತ ಗದ್ದೆಯಲ್ಲಿ ಬಿದ್ದ ಎಣ್ಣೆ, ಸಸ್ಯದ್ದೇ ಆದರೂ, ಬೇಗ ಕರಗಲ್ಲ. ನೀರಿನ ಮೇಲೆ ಪದರ ಕಟ್ಟಿ ಬಸಿಗಾಲುವೆಗೆ ಹೋದರೆ ಅಲ್ಲಿನ ಮೀನು, ಕಪ್ಪೆಗೂ ತೊಂದರೆ. ಎರೆ ಭೂಮಿಯಲ್ಲೂ ಮಳೆಗಾಲದಲ್ಲಿ ಇದೇ ಸಮಸ್ಯೆ: ಜಿಗುಟು ಮಣ್ಣು, ಗಾಳಿ ಕಡಿಮೆ. ಕೆಂಪು ಮಣ್ಣಿನಲ್ಲಿ ಗಾಳಿ ಚೆನ್ನಾಗಿದೆ, ಆದರೆ ಬೇಗ ಒಣಗುತ್ತೆ. ನಿಮ್ಮ ಮಣ್ಣು ಯಾವುದು ಅಂತ ನೋಡಿ ಕೆಲಸ ಮಾಡಿ.

ಚೆಲ್ಲಿದರೆ ಏನು ಮಾಡಬೇಕು? ಲೆಕ್ಕ ಸಮೇತ

ಒಂದು ಲೀಟರ್ ಸಸ್ಯದೆಣ್ಣೆ ಚೆಲ್ಲಿತು ಅಂತಿಟ್ಟುಕೊಳ್ಳಿ. ಅದರ ತೂಕ ಸುಮಾರು 920 ಗ್ರಾಂ. ಅದರಲ್ಲಿ ಮುಕ್ಕಾಲಿಗೂ ಸ್ವಲ್ಪ ಹೆಚ್ಚು, ಅಂದರೆ ಸುಮಾರು 700 ಗ್ರಾಂ ಇಂಗಾಲ. ಎಣ್ಣೆ ಬಿದ್ದ ಮಣ್ಣಿಗೆ ಚಿಕಿತ್ಸೆ ಕೊಡುವಾಗ 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಅನ್ನುವ ಅನುಪಾತವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕದಲ್ಲಿ ನಮಗೆ ಬೇಕಾದ್ದು ಹೆಚ್ಚೆಂದರೆ 70 ಗ್ರಾಂ ಸಾರಜನಕ. ಅದು ಎಲ್ಲಿ ಸಿಗುತ್ತೆ ನೋಡಿ:

- ಶೇಂಗಾ ಹಿಂಡಿ (ಸಾರಜನಕ ಸುಮಾರು ಶೇ 7): 1 ಕೆಜಿ ಸಾಕು.
- ಎರೆಹುಳು ಗೊಬ್ಬರ (ಸುಮಾರು ಶೇ 1.5): 5 ಕೆಜಿ.
- ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ (ಸುಮಾರು ಶೇ 0.5): 14 ಕೆಜಿ, ಅಂದರೆ ಎರಡು ಪುಟ್ಟಿ.

ಬೇವಿನ ಹಿಂಡಿ, ಹೊಂಗೆ ಹಿಂಡಿ ಈ ಕೆಲಸಕ್ಕೆ ಮೊದಲ ಆಯ್ಕೆ ಅಲ್ಲ. ಅವುಗಳಲ್ಲಿ ಮಣ್ಣಿನ ಕೆಲವು ಜೀವಿಗಳ ಕೆಲಸ ನಿಧಾನ ಮಾಡುವ ಅಂಶ ಇದೆ. ಬೆಳೆಗೆ ಗೊಬ್ಬರವಾಗಿ ಅದು ಒಳ್ಳೆಯ ಗುಣ, ಇಲ್ಲಿ ಅಲ್ಲ.

ಇನ್ನು ಮಾಡುವ ಕ್ರಮ:

1. ಮೊದಲು ಹರಡದಂತೆ ತಡೆಯಿರಿ. ಮರದ ಹೊಟ್ಟು, ಭತ್ತದ ಹೊಟ್ಟು, ಒಣ ಮಣ್ಣು ಯಾವುದಾದರೂ ಹಾಕಿ ಹೀರಿಸಿ. ಕಾಲುವೆ ಹತ್ತಿರ ಇದ್ದರೆ ಮಣ್ಣಿನ ಒಂದು ಸಣ್ಣ ಏರಿ ಹಾಕಿ. ನೀರು ಸುರಿದು ತೊಳೆಯೋಕೆ ಹೋಗಬೇಡಿ, ಶಾಂಪೂ ಸೋಪಿನ ಪುಡಿ ಹಾಕಬೇಡಿ.

2. ಹೆಚ್ಚು ನೆನೆದ ಮಣ್ಣನ್ನು ಸಲಿಕೆಯಲ್ಲಿ ತೆಗೆದು, ಬಾವಿ, ಬೋರ್, ಕಾಲುವೆಯಿಂದ ದೂರದ ಎತ್ತರದ ಜಾಗದಲ್ಲಿ ಹರಡಿ. ಒಂದು ಲೀಟರ್ ಎಣ್ಣೆ ಒಂದು ಚದರ ಮೀಟರ್ ಜಾಗದಲ್ಲಿ ಅರ್ಧ ಅಡಿ ಆಳದ ಮಣ್ಣಿಗೆ ಬೆರೆತರೆ ಅದು ಸುಮಾರು 200 ಕೆಜಿ ಮಣ್ಣಿಗೆ ಅರ್ಧ ಪರ್ಸೆಂಟ್ ಲೆಕ್ಕ. ಇಷ್ಟಿದ್ದರೆ ಜೀವಿಗಳಿಗೆ ನಿಭಾಯಿಸೋಕೆ ಆಗುತ್ತೆ.

3. ಮೇಲೆ ಹೇಳಿದ ಗೊಬ್ಬರ ಅಥವಾ ಹಿಂಡಿ ಬೆರೆಸಿ. ಬೆಲ್ಲ ಹಾಕೋದು ಬೇಡ. ಜೀವಾಮೃತದಲ್ಲಿ ಬೆಲ್ಲ ಇರೋದು ಜೀವಿಗಳಿಗೆ ಶಕ್ತಿ ಕೊಡೋಕೆ. ಇಲ್ಲಿ ಎಣ್ಣೆಯೇ ಅವಕ್ಕೆ ಊಟ. ಸಿಹಿ ಸಿಕ್ಕರೆ ಮೊದಲು ಸಿಹಿಯನ್ನೇ ತಿಂತಾವೆ.

4. ತೇವ ನೋಡಿ. ಒಂದು ಹಿಡಿ ಮಣ್ಣು ಹಿಸುಕಿದರೆ ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಬರಬಾರದು.

5. ವಾರಕ್ಕೊಮ್ಮೆ ಗುದ್ದಲಿಯಲ್ಲಿ ತಿರುವಿ ಹಾಕಿ. ಗಾಳಿ ಸಿಕ್ಕಷ್ಟೂ ಕೆಲಸ ಬೇಗ. ಬೇಸಿಗೆಯಲ್ಲಿ ಮೇಲೆ ಹುಲ್ಲು, ಸೋಗೆ ಮುಚ್ಚಿ. ಏಪ್ರಿಲ್ ಬಿಸಿಲಿಗೆ ನಮ್ಮ ಕಡೆ ಮೇಲ್ಮಣ್ಣು ಸುಟ್ಟು ಹೋಗುತ್ತೆ. ಜೀವಿಗಳು ಚೆನ್ನಾಗಿ ಕೆಲಸ ಮಾಡೋದು 25ರಿಂದ 35 ಡಿಗ್ರಿಯಲ್ಲಿ.

6. ಸರಿ ಹೋಯ್ತಾ ಅಂತ ನೋಡೋಕೆ ಲ್ಯಾಬ್ ಬೇಡ. ಎರಡು ಕುಂಡ ತಗೊಳ್ಳಿ. ಒಂದರಲ್ಲಿ ಆ ಮಣ್ಣು, ಇನ್ನೊಂದರಲ್ಲಿ ಚೆನ್ನಾಗಿರುವ ಮಣ್ಣು. ಎರಡರಲ್ಲೂ 20 ಹೆಸರುಕಾಳು ಹಾಕಿ. ವಾರದ ಮೇಲೆ ಎಣಿಸಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತರ ಮೊಳೆತು, ಬೇರು ಬಿಟ್ಟಿದ್ದರೆ ಮಣ್ಣು ವಾಪಸ್ ಬಂದಿದೆ. ಇಲ್ಲ ಅಂದರೆ ಇನ್ನೊಂದು ತಿಂಗಳು ತಿರುವಿ ಹಾಕಿ.

ಈ ಆರರಲ್ಲಿ ಒಂದಕ್ಕೂ ಅಂಗಡಿಗೆ ಹೋಗಬೇಕಿಲ್ಲ.

ಹಾಗಾದರೆ ಬಾಟಲಿ ಯಾವುದಕ್ಕೆ?

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅನ್ನೋದು ಸುಳ್ಳಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಬಂಗಾಳದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಅವರು 1970ರ ದಶಕದ ಆರಂಭದಲ್ಲಿ ಕಚ್ಚಾ ತೈಲ ಒಡೆಯುವ ಸ್ಯೂಡೋಮೊನಾಸ್ ತಳಿ ಸಿದ್ಧಪಡಿಸಿದರು. ಜೀವಂತ ಜೀವಿಗೆ ಪೇಟೆಂಟ್ ಕೊಡಬಹುದೇ ಅನ್ನುವ ಅದರ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 1980ರಲ್ಲಿ ಅವರ ಪರ ತೀರ್ಪಾಯಿತು. ನಮ್ಮ ದೇಶದಲ್ಲೂ ದೆಹಲಿಯ ಟೆರಿ ಸಂಸ್ಥೆ ‘ಆಯಿಲ್‌ಝ್ಯಾಪರ್’ ಅನ್ನುವ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ. ರಿಫೈನರಿಗಳ ಎಣ್ಣೆ ರಾಡಿ, ತೈಲ ಸೋರಿಕೆ ಆದ ಜಾಗಗಳಲ್ಲಿ ಅದನ್ನು ಬಳಸಿದ್ದಾರೆ.

ಆದರೆ ಅದು ಟನ್‌ಗಟ್ಟಲೆ ರಾಡಿ ಇರುವ ಜಾಗ. ಅಲ್ಲಿ ತಜ್ಞರು ಕೂತು, ಗೊಬ್ಬರ ಕೊಟ್ಟು, ನೆಲ ಉತ್ತು, ತಿಂಗಳುಗಟ್ಟಲೆ ಅಳೆದು ನೋಡುತ್ತಾರೆ. ನಮ್ಮ ತೋಟದ ಒಂದು ಬಕೆಟ್ ಅಗಲದ ಕಲೆಗೆ ಅದನ್ನು ಹೋಲಿಸೋದು ಸರಿಯಲ್ಲ. ಇನ್ನೊಂದು ಮಾತು, ಹೊರಗಿನಿಂದ ತಂದು ಬಿಟ್ಟ ಜೀವಿಗಳು ಅಲ್ಲೇ ಹುಟ್ಟಿ ಬೆಳೆದ ಜೀವಿಗಳ ಜೊತೆ ಪೈಪೋಟಿಯಲ್ಲಿ ಸೋಲುವುದು ಸಾಮಾನ್ಯ. ಗಾಳಿ, ತೇವ, ಸಾರಜನಕ ಇಲ್ಲದ ಮಣ್ಣಿಗೆ ಎಷ್ಟು ಬಾಟಲಿ ಸುರಿದರೂ ಪ್ರಯೋಜನ ಇಲ್ಲ. ಅವು ಮೂರೂ ಇದ್ದರೆ ಬಹುತೇಕ ಬಾಟಲಿಯೇ ಬೇಕಿಲ್ಲ.

ಹೀಗಿರುವಾಗ ‘ಆಯಿಲ್ ಕಲೆಗೆ ರಾಮಬಾಣ’ ಅಂತ ಯಾರಾದರೂ ಬಾಟಲಿ ತಂದರೆ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಯಾವ ಜೀವಿ ಇದೆ, ಒಂದು ಮಿ.ಲೀ.ಗೆ ಎಷ್ಟು? ಯಾವ ಎಣ್ಣೆ ಮೇಲೆ, ಯಾವ ಮಣ್ಣಿನಲ್ಲಿ ಪರೀಕ್ಷೆ ಆಗಿದೆ? ತಯಾರಾದ ದಿನ, ಅವಧಿ ಮುಗಿಯುವ ದಿನ ಯಾವಾಗ? ಮೂರಕ್ಕೂ ನೇರ ಉತ್ತರ ಬರದಿದ್ದರೆ ದುಡ್ಡು ಜೇಬಲ್ಲೇ ಇರಲಿ. ಅದೇ ದುಡ್ಡಿಗೆ ಎರಡು ಚೀಲ ಎರೆಗೊಬ್ಬರ ಬರುತ್ತೆ.

ಹಳೇ ಇಂಜಿನ್ ಆಯಿಲ್ ಬೇರೆಯೇ ಕಥೆ

ನಮ್ಮ ಕಡೆ ಟ್ರ್ಯಾಕ್ಟರ್, ಟಿಲ್ಲರ್‌ನಿಂದ ತೆಗೆದ ಕಪ್ಪು ಆಯಿಲ್ಲನ್ನು ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ, ಮರದ ಬುಡಕ್ಕೆ ಹಚ್ಚುವ ರೂಢಿ ಇದೆ. ಗಾಡಿ ಅಚ್ಚಿಗೆ, ಗೇಟಿಗೆ ಹಾಕೋದೂ ಇದೆ. ‘ಬಿಟ್ಟಿ ಸಿಗುತ್ತೆ, ಸುಮ್ನೆ ಯಾಕೆ ಚೆಲ್ಲೋದು’ ಅನ್ನೋ ಲೆಕ್ಕ.

ಆ ಕಪ್ಪು ಬಣ್ಣ ಸುಟ್ಟ ಮಸಿಯದ್ದು ಮಾತ್ರ ಅಲ್ಲ. ಇಂಜಿನ್ ಸವೆದ ಲೋಹದ ಕಣ, ಆಯಿಲ್‌ಗೆ ಸೇರಿಸಿದ ಸತುವಿನಂಥ ರಾಸಾಯನಿಕ, ಉರಿಯುವಾಗ ಹುಟ್ಟಿದ ಉಂಗುರದಾಕಾರದ ಹೈಡ್ರೋಕಾರ್ಬನ್‌ಗಳು ಅದರಲ್ಲಿ ಇರುತ್ತವೆ. ಆ ಹೈಡ್ರೋಕಾರ್ಬನ್‌ಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಜೀವಿಗಳು ಇಂಗಾಲದ ಸರಪಳಿ ಕಡಿಯಬಹುದು, ಲೋಹವನ್ನು ತಿಂದು ಇಲ್ಲವಾಗಿಸೋಕೆ ಅವಕ್ಕೂ ಆಗಲ್ಲ. ಲೋಹ ಮಣ್ಣಲ್ಲೇ ಉಳಿಯುತ್ತೆ, ಅಥವಾ ಬೆಳೆಗೆ ಹೋಗುತ್ತೆ, ಅಥವಾ ನೀರಿಗೆ.

ನೀರು ಅಂದಾಗ ನೆನಪಿಡಿ. ದಾವಣಗೆರೆ ನಗರ ಕುಡಿಯೋದು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರಾ ನೀರು, ಮತ್ತೆ ಭದ್ರಾ ನಾಲೆಯಿಂದ ಕುಂದವಾಡ ಕೆರೆ ತುಂಬುವ ನೀರು. ನಮ್ಮ ಗದ್ದೆ ಬಸಿಗಾಲುವೆಗಳ ನೀರು ಹಳ್ಳ ಹಿಡಿದು ಕೊನೆಗೆ ಸೇರೋದು ಹೊಳೆಯನ್ನೇ. ಒಂದು ಸಲ ವಾಹನದ ಆಯಿಲ್ ಬದಲಿಸಿದಾಗ ಬರುವ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತೆ.

ಕಾನೂನೂ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. 2023ರಲ್ಲಿ ಬಂದ ತಿದ್ದುಪಡಿಯಂತೆ, 2024ರ ಏಪ್ರಿಲ್ 1ರಿಂದ ಬಳಸಿದ ಆಯಿಲ್ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರ ಮೇಲೂ ಇದೆ. ಕಾಗದದ ಮೇಲೆ ಚೆನ್ನಾಗಿದೆ. ನಮ್ಮ ಹಳ್ಳಿ ತನಕ ಬಂದಿದೆಯಾ? ನನಗಂತೂ ಕಾಣಿಸಿಲ್ಲ.

ಸಾವಯವ ಪ್ರಮಾಣಪತ್ರ ಮಾಡಿಸುವವರಿಗೆ ಇನ್ನೊಂದು ಮಾತು. ಎನ್‌ಪಿಒಪಿಯಲ್ಲಿ ವಾರ್ಷಿಕ ಬೆಳೆಗೆ 2 ವರ್ಷ, ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ ಕಾಯ್ತೀರಿ. ಯೂರಿಯಾ ಒಂದು ಕಾಳು ಬೀಳದಂತೆ ನೋಡಿಕೊಳ್ತೀರಿ. ಅದೇ ತೋಟದ ಮೂಲೆಯಲ್ಲಿ ಟಿಲ್ಲರ್ ನಿಲ್ಲಿಸಿ ಕಪ್ಪು ಆಯಿಲ್ ನೆಲಕ್ಕೆ ಬಿಟ್ಟರೆ ಆ ಕಾಯುವಿಕೆಗೆ ಅರ್ಥ ಏನು?

ಎಲ್ಲಿ ಸಸ್ಯದೆಣ್ಣೆ ಬಳಸಬಹುದು, ಎಲ್ಲಿ ಬಾರದು

‘ಕೀಲೆಣ್ಣೆ’ ಅನ್ನೋ ಪದ ನಮ್ಮ ಅಜ್ಜಂದಿರ ಬಾಯಲ್ಲಿ ಇತ್ತು. ಗಾಡಿ ಕೀಲಿಗೆ ಹರಳೆಣ್ಣೆ ಹಾಕೋದು ಹೊಸ ವಿಜ್ಞಾನ ಅಲ್ಲ. ಇವತ್ತು ದೊಡ್ಡ ಆಯಿಲ್ ಬ್ರ್ಯಾಂಡ್ ಆಗಿರುವ ಕ್ಯಾಸ್ಟ್ರಾಲ್ ಹೆಸರು ಬಂದಿದ್ದೇ ಕ್ಯಾಸ್ಟರ್ ಅಂದರೆ ಹರಳೆಣ್ಣೆಯಿಂದ. ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್ನಿಗೂ ಹರಳೆಣ್ಣೆ ಹಾಕುತ್ತಿದ್ದರು. ನಮ್ಮ ಹರಿಹರ ಲೇತ್ ಯಂತ್ರಕ್ಕೆ ಹೆಸರಾದ ಊರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದೆಲ್ಲೆಡೆ ಹೋಗಿದ್ದವು. ಯಾವ ಭಾಗಕ್ಕೆ ಯಾವ ಆಯಿಲ್ ಅನ್ನೋ ತಿಳಿವಳಿಕೆ ಇರುವ ಹಳೇ ಮೆಕ್ಯಾನಿಕ್‌ಗಳು ಹರಿಹರದ ವರ್ಕ್‌ಶಾಪ್‌ಗಳಲ್ಲಿ ಈಗಲೂ ಸಿಗ್ತಾರೆ. ಅವರ ಹತ್ತಿರ ಒಂದು ಟೀ ಕುಡಿದು ಮಾತಾಡಿ.

ಬಳಸಬಹುದಾದ ಕಡೆ: ಗಾಡಿ ಅಚ್ಚು, ಗೇಟು ತಿರುಗಣೆ, ತೆರೆದ ಚೈನು ಮತ್ತು ಗೇರು, ಕುಡುಗೋಲು, ಸಲಿಕೆ, ನೇಗಿಲಿಗೆ ತುಕ್ಕು ಹಿಡಿಯದಂತೆ ಸವರಲು. ಚೈನ್ ಗರಗಸಕ್ಕೆ ಸಸ್ಯದೆಣ್ಣೆಯಿಂದಲೇ ಮಾಡಿದ ಸಿದ್ಧ ಚೈನ್ ಆಯಿಲ್ ಬರುತ್ತೆ, ವಾರಂಟಿ ಇರುವ ಯಂತ್ರಕ್ಕೆ ಅದನ್ನೇ ಕೇಳಿ ತರಿಸಿ. ಆಸ್ಟ್ರಿಯಾ ದೇಶ 1990ರ ದಶಕದಲ್ಲೇ ಗರಗಸದ ಚೈನಿಗೆ ಖನಿಜ ಆಯಿಲ್ ಬಳಸಬಾರದು ಅಂತ ನಿಯಮ ಮಾಡಿತು. ಹಾಕಿದ್ದೆಲ್ಲ ಕಾಡಿನ ನೆಲಕ್ಕೇ ಹೋಗುತ್ತೆ ಅನ್ನೋದೇ ಕಾರಣ.

ಬಳಸಬಾರದ ಕಡೆ: ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್ ಇಂಜಿನ್ ಒಳಗೆ ಹಸಿ ಹೊಂಗೆ ಎಣ್ಣೆ, ಹರಳೆಣ್ಣೆ ಸುರಿಯಬೇಡಿ. ಬಿಸಿಗೆ ಅದು ಆಮ್ಲಜನಕದ ಜೊತೆ ಸೇರಿ ಗೋಂದಿನ ತರ ಗಟ್ಟಿಯಾಗುತ್ತೆ, ಇಂಜಿನ್ ಹಾಳು. ಹೈಡ್ರಾಲಿಕ್‌ಗೂ ಹಾಕಬೇಡಿ. ಅಲ್ಲಿ ಕಂಪನಿ ಹೇಳಿದ ಆಯಿಲ್ಲೇ ಇರಲಿ, ಆದರೆ ಸೋರಿಕೆ ನಿಲ್ಲಿಸಿ, ಹಳೇದನ್ನು ಡಬ್ಬದಲ್ಲಿ ಹಿಡಿಯಿರಿ. ಇನ್ನೊಂದು, ಹೊಂಗೆ ಎಣ್ಣೆ ತಿನ್ನುವಂಥದ್ದಲ್ಲ. ಕಬ್ಬಿನ ಹಾಲು ತೆಗೆಯುವ ಯಂತ್ರ, ಹಿಟ್ಟಿನ ಗಿರಣಿಯಂಥ ಕಡೆ, ತಿನ್ನುವ ವಸ್ತು ತಾಗುವ ಭಾಗಕ್ಕೆ ಹೊಂಗೆ, ಹರಳು ಎರಡೂ ಬೇಡ.

ಸಸ್ಯದೆಣ್ಣೆ ಹಾಕಿದ ಯಂತ್ರವನ್ನು ತಿಂಗಳುಗಟ್ಟಲೆ ಹಾಗೇ ಇಡಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಚೈನು ಒರೆಸಿ ಇಡಿ. ಅಂಟು ಹಿಡಿಯೋದು ಸಸ್ಯದೆಣ್ಣೆಯ ನಿಜವಾದ ದೋಷ, ಅದನ್ನು ಮುಚ್ಚಿಡೋದು ಬೇಡ. ಡಬ್ಬದ ಮೇಲೆ ‘ಬಯೋ’ ಅಂತ ಹಸಿರು ಎಲೆ ಚಿತ್ರ ಇದ್ದ ಮಾತ್ರಕ್ಕೆ ನಂಬಬೇಡಿ. ಮೂಲ ಎಣ್ಣೆ ಯಾವುದು, ಖನಿಜ ಆಯಿಲ್ ಬೆರೆಸಿದೆಯಾ, ಯಾವ ಪರೀಕ್ಷೆ ಪಾಸಾಗಿದೆ ಅಂತ ಓದಿ. ಮೊಬೈಲಲ್ಲಿ ಆ ಪ್ರಾಡಕ್ಟ್‌ನ ಮಾಹಿತಿ ಹಾಳೆ ತೆಗೆದು ನೋಡೋಕೆ ಎರಡು ನಿಮಿಷ ಸಾಕು.

‘ದುಬಾರಿ ಆಗುತ್ತಲ್ಲ’ ಅನ್ನುವವರಿಗೆ

ಲೀಟರಿಗೆ ಹೋಲಿಸಿದರೆ ಹೌದು, ಸಸ್ಯದೆಣ್ಣೆ ದುಬಾರಿ. ಬಿಟ್ಟಿ ಸಿಗುವ ಕಪ್ಪು ಆಯಿಲ್‌ಗೆ ಹೋಲಿಸಿದರೆ ಕೇಳೋದೇ ಬೇಡ. ಆದರೆ ಒಂದು ಸಾಮಾನ್ಯ ಹಿಡುವಳಿಯಲ್ಲಿ ಹೊರಗೆ ಚೆಲ್ಲಿ ಹೋಗುವ ಕೆಲಸಕ್ಕೆ ವರ್ಷಕ್ಕೆ ಬೇಕಾಗೋದು ಕೆಲವೇ ಲೀಟರ್. ಪ್ರಶ್ನೆ ಇರೋದು ಅಷ್ಟಕ್ಕೇ.

ಕರ್ನಾಟಕಕ್ಕೆ ಹೊಂಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ ನೀರು ಎತ್ತಿ ತೋರಿಸಿದ್ದರು. ಹಾಸನದ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬಂತು. 2009ರಲ್ಲಿ ರಾಜ್ಯಕ್ಕೆ ಜೈವಿಕ ಇಂಧನ ನೀತಿಯೂ ಬಂತು. ಎಲ್ಲರ ಕಣ್ಣು ಇದ್ದದ್ದು ಇಂಧನದ ಮೇಲೆ. ಇಂಧನಕ್ಕೆ ಟ್ಯಾಂಕರ್‌ಗಟ್ಟಲೆ ಎಣ್ಣೆ ಬೇಕು, ಅಷ್ಟು ಬೀಜ ಕೂಡಿಸೋದು ಕಷ್ಟ, ಡೀಸೆಲ್ ಬೆಲೆ ಜೊತೆ ಗುದ್ದಾಡೋದು ಇನ್ನೂ ಕಷ್ಟ. ಕೀಲೆಣ್ಣೆಗೆ ಬೇಕಾಗೋದು ಲೀಟರ್ ಲೆಕ್ಕದಲ್ಲಿ. ಒಂದು ಊರಿನ ಬದುಗಳಲ್ಲಿರುವ ಹೊಂಗೆ ಮರ, ಹತ್ತಿರದ ಒಂದು ಗಾಣ, ಬೀಜ ಆರಿಸುವ ಒಂದು ಸ್ತ್ರೀಶಕ್ತಿ ಸಂಘ ಇದ್ದರೆ ಆ ಊರಿನ ಕೀಲೆಣ್ಣೆ ಅಲ್ಲೇ ಆಗುತ್ತೆ. ಹಿಂಡಿ ವಾಪಸ್ ತೋಟಕ್ಕೆ. ಹೊಂಗೆ ಎಣ್ಣೆಗೆ ತಕ್ಕ ಕೆಲಸ ಇದು ಅಂತ ನನ್ನ ಗಟ್ಟಿ ನಂಬಿಕೆ.

ನಾನು ಕೇಳುವುದು ಇಷ್ಟು

ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿ 2014ರಿಂದ ಇವೆ. ಪ್ರತಿ ಕೇಂದ್ರದಲ್ಲಿ ಹಳೇ ಆಯಿಲ್ ಹಾಕುವ ಒಂದು ಮುಚ್ಚಳದ ಡ್ರಮ್ ಇರಲಿ, ಪರವಾನಗಿ ಇರುವ ಮರುಸಂಸ್ಕರಣೆ ಘಟಕಕ್ಕೆ ಅದು ಹೋಗಲಿ. ಬಾಡಿಗೆ ಯಂತ್ರ ಗದ್ದೆಗೆ ಇಳಿಯುವ ಮುಂಚೆ ಸೋರಿಕೆ ನೋಡುವುದು ಕಡ್ಡಾಯವಾಗಲಿ. ಯಂತ್ರಕ್ಕೆ ಸಬ್ಸಿಡಿ ಕೊಡುವ ಇಲಾಖೆ, ಚೈನ್ ಗರಗಸದ ಜೊತೆ ಮೊದಲ ಐದು ಲೀಟರ್ ಸಸ್ಯಮೂಲದ ಚೈನ್ ಆಯಿಲ್ ಕೂಡ ಕೊಡಲಿ. ನಮ್ಮ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಂಥವು ನಮ್ಮದೇ ಎರೆ ಮಣ್ಣು, ಕೆಂಪು ಮಣ್ಣಿನಲ್ಲಿ ಹೊಂಗೆ, ಹರಳು ಕೀಲೆಣ್ಣೆ ಎಷ್ಟು ದಿನಕ್ಕೆ ಕರಗುತ್ತೆ ಅಂತ ರೈತರ ಕಣ್ಣೆದುರೇ ಒಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸಲಿ. ದೊಡ್ಡ ಅನುದಾನ ಬೇಡ, ಹತ್ತು ಕುಂಡ ಸಾಕು.

ಅವರು ಮಾಡುವ ತನಕ ನೀವು ಕಾಯಬೇಕಿಲ್ಲ. ಈ ವಾರ ಮೂರು ಕೆಲಸ ಮಾಡಿ:

- ಟಿಲ್ಲರ್, ಪಂಪ್‌ಸೆಟ್ ನಿಲ್ಲಿಸುವ ಜಾಗದಲ್ಲಿ ಒಂದು ಅಗಲದ ತಟ್ಟೆ ಇಟ್ಟು, ಹಳೇ ಆಯಿಲ್‌ಗೆ ಅಂತ ಒಂದು ಮುಚ್ಚಳದ ಕ್ಯಾನ್ ಗುರುತು ಮಾಡಿ.
- ಮನೆಯಲ್ಲಿರುವ ಎಲ್ಲ ಆಯಿಲ್ ಡಬ್ಬಗಳ ಫೋಟೊ ತೆಗೆದು, ಯಾವುದು ಖನಿಜ, ಯಾವುದು ಸಸ್ಯದ್ದು ಅಂತ ಪಟ್ಟಿ ಮಾಡಿ.
- ಗೇಟು, ಗಾಡಿ, ತೆರೆದ ಚೈನಿಗೆ ಹಾಕುವ ಆಯಿಲ್ ಮುಗಿದಾಗ ಅದರ ಜಾಗಕ್ಕೆ ಗಾಣದ ಹರಳೆಣ್ಣೆಯೋ ಸೋಸಿದ ಹೊಂಗೆ ಎಣ್ಣೆಯೋ ತನ್ನಿ.

ಮಣ್ಣಿನ ಜೀವಿಗಳು ನಮ್ಮ ಹತ್ತಿರ ಸಂಬಳ ಕೇಳಲ್ಲ, ರಜೆ ಕೇಳಲ್ಲ. ಅರಗುವಂಥ ಊಟ ಕೊಟ್ಟರೆ ಸಾಕು. ಏನು ಬಡಿಸುತ್ತೀವಿ ಅನ್ನೋದು ನಮ್ಮ ಕೈಲಿದೆ.